ಸಡಿಲ ನಟ್ಟು

ಅಕ್ಟೋಬರ್ 9, ಗುರುವಾರ. ಡುಲೂತ್.

ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನೆಯಷ್ಟೇ ವೆಂಡೆಲ್ ಅಂಗಡಿಯಲ್ಲಿ ರಿಪೇರಿ ಮಾಡಿಸಿದ ಸೈಕಲ್ಲಿನ ಬ್ರೇಕು ಇವತ್ತು ಬೆಳಿಗ್ಗೆ ಇಳಿಜಾರಿನಲ್ಲಿ ಹಿಡಿಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗಳು ಐಲಾ. ಬೇಲಿಗೆ ಉಜ್ಜಿ ನಿಲ್ಲಿಸಿದೆ. ನನ್ನ ಮೊಣಕೈ ತರಚಿತು, ಅವಳಿಗೇನೂ ಆಗಲಿಲ್ಲ.

ನೇರ ಅಂಗಡಿಗೇ ಹೋದೆ. ವೆಂಡೆಲ್ ತಲೆಯನ್ನೂ ಎತ್ತದೆ, "ನೀವೇ ಏನೋ ಕೈಯಾಡಿಸಿರ್ತೀರ ಮೇಡಂ. ಗೊತ್ತಿಲ್ದೆ ಇದ್ದಮೇಲೆ ಮುಟ್ಟಬಾರ್ದು," ಎಂದ.

ಗಿರಾಕಿಗಳೆದುರೇ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಬ್ರೇಕ್ ವಯರಿನ ನಟ್ಟನ್ನು ಎರಡೇ ಬೆರಳಲ್ಲಿ ತಿರುಗಿಸಿ ತೋರಿಸಿದೆ. "ಇದು ನಿನ್ನ ಕೆಲಸ. ಇದರ ಮೇಲೆ ನನ್ನ ಮಗು ಕೂತಿತ್ತು."

ವೆಂಡೆಲ್ ಸ್ಪಾನರ್ ಎತ್ತಿಕೊಂಡ. ಅದನ್ನು ಕಿತ್ತುಕೊಂಡು ನಾನೇ ಬಿಗಿದೆ. ತಪ್ಪಾಯಿತು ಎನ್ನಲಿಲ್ಲ ಅವನು. ಅಂದಿದ್ದರೂ ನಾನು ಕ್ಷಮಿಸುತ್ತಿರಲಿಲ್ಲ.

ಮನೆಗೆ ಬರುವಾಗ ಐಲಾ ಕೇಳಿದಳು, "ಅಮ್ಮಾ, ನಾಳೇನೂ ಅಷ್ಟೇ ಜೋರಾಗಿ ಹೋಗೋಣ್ವಾ?"