ಊಟದ ಕೂಪನ್ನಿಗೆ ಹಾಕಿದ ಸಹಿ ಒಪ್ಪಿಗೆಯಲ್ಲ

ದುಬೈ ಕನ್ನಡಿಗರ ಉಳಿತಾಯ ಸಂಘದ ಅಧ್ಯಕ್ಷಗಿರಿಯಿಂದ ಹೋಲ್ಡಿಂಗ್ ಕಂಪನಿಯ ಅಧ್ಯಕ್ಷಗಿರಿಗೆ ಏರಿರುವ ಮಾನ್ಯರೇ,

ನಮ್ಮ ಸಂಘವನ್ನು ನಮಗೇ ತಿಳಿಯದಂತೆ ನಮ್ಮಿಂದ ಕಿತ್ತುಕೊಂಡಿದ್ದೀರಿ. ಮೊನ್ನೆಯವರೆಗೆ ಆರುನೂರು ಸದಸ್ಯರೇ ಅದರ ಒಡೆಯರು. ಬ್ಯಾಂಕಿನ ಮ್ಯಾನೇಜರರಿಗೂ ಎ.ಸಿ. ರಿಪೇರಿಯವರಿಗೂ ಒಂದೊಂದೇ ಮತ. ಈಗ ಸಂಘದ ತಲೆಯ ಮೇಲೊಂದು ಕಂಪನಿ ಕೂತಿದೆ, ಅದರ ಷೇರುಗಳೆಲ್ಲ ನಿಮ್ಮ ಒಂಬತ್ತು ಮಂದಿ ಆಪ್ತರ ಕೈಯಲ್ಲಿವೆ. ಉಳಿತಾಯ ನಮ್ಮದು, ತೀರ್ಮಾನ ನಿಮ್ಮದು. ಹತ್ತಿದ ಏಣಿಯನ್ನು ಒದೆಯುವುದಕ್ಕೆ ಇಷ್ಟು ದೊಡ್ಡ ಇಂಗ್ಲಿಷ್ ಹೆಸರು ಬೇಕಿತ್ತೇ?

"ಸದಸ್ಯರೇ ಸಹಿ ಹಾಕಿ ಒಪ್ಪಿದ್ದಾರೆ" ಎನ್ನುತ್ತೀರಿ. ವಾರ್ಷಿಕ ಕೂಟದಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಊಟದ ಕೂಪನ್ ಪಡೆಯುವುದು ನಮ್ಮ ಹಳೆಯ ರೂಢಿ. ಈ ಸಲ ಪುಸ್ತಕದ ಬದಲು ಬಿಡಿ ಹಾಳೆಗಳಿದ್ದವು. ಮೇಲ್ಗಡೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ನಾಲ್ಕು ಸಾಲು. ಸಂಘವನ್ನು ಕಂಪನಿಗೆ ಒಪ್ಪಿಸಲು ಸಮ್ಮತಿಯಿದೆ ಎಂದು ಅದರಲ್ಲಿತ್ತಂತೆ. ಆ ಮೇಜಿನ ಹಿಂದೆ ಕೂತವನು ನಾನೇ. "ಯಲ್ಲಾ, ಬೇಗ ಸಹಿ ಹಾಕಿ ಮಾರಾಯ್ರೆ, ಕೋಳಿ ಸಾರು ತಣ್ಣಗಾಗ್ತದೆ" ಎಂದು ಅರಬ್ಬೀ ಬೆರೆಸಿ ಅವಸರ ಮಾಡಿದವನೂ ನಾನೇ. ಓದದೆ ಸಹಿ ಹಾಕಿಸಿದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಆ ಸಾಲುಗಳನ್ನು ಬರೆದು ಕಳಿಸಿದ ನಿಮಗೆ ಆಗುತ್ತಿಲ್ಲವೇ?

ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ತಮ್ಮಣ್ಣನವರು ಬಾಗಲಕೋಟೆ ಕಡೆಯ ಎ.ಸಿ. ಮೆಕ್ಯಾನಿಕ್. ಎರಡು ತಿಂಗಳಿಂದ ಸಂಬಳವಿಲ್ಲ. ಬಾಡಿಗೆಯ ಚೆಕ್ಕು ಇದೇ ಇಪ್ಪತ್ತಕ್ಕೆ ಬ್ಯಾಂಕಿಗೆ ಹೋಗುತ್ತದೆ. ಅದು ಬೌನ್ಸ್ ಆದರೆ ಮನೆ ಬಿಡಬೇಕು; ಮಗಳು ದಾನೇಶ್ವರಿಗೆ ಮುಂದಿನ ತಿಂಗಳು ಹತ್ತನೆಯ ತರಗತಿಯ ಪರೀಕ್ಷೆ. ಹಿಂದೆ ಇಬ್ಬರು ಸದಸ್ಯರು ಕೈ ಎತ್ತಿ ಜಾಮೀನು ನಿಂತರೆ ಅದೇ ದಿನ ಸಾಲ ಮಂಜೂರಾಗುತ್ತಿತ್ತು. ಮೊನ್ನೆ ಅವರ ಜೊತೆ ನಾನೂ ನಿಮ್ಮ ಹೊಸ ಆಫೀಸಿಗೆ ಬಂದಿದ್ದೆ.

"ಕೈ ಎತ್ತುದೆಲ್ಲ ಖಲಾಸ್ ಅಣ್ಣ. ಅಡಮಾನಕ್ಕೆ ಎಂತ ಉಂಟು? ಬೋರ್ಡ್ ಮೀಟಿಂಗ್ ಇಪ್ಪತ್ತೈದಕ್ಕೆ" ಎಂದರು ನಿಮ್ಮ ಸಿಬ್ಬಂದಿ.

"ಹನ್ನೆರಡು ವರ್ಷದಾಗ ಒಂದ್ ಕಂತೂ ತಪ್ಪಿಸಿಲ್ರಿ ಸರ. ಇದು ನಮ್ಮ ಸಂಘ ಅಲ್ಲೇನ್ರಿ?" ಎಂದು ಕೇಳಿದರು ತಮ್ಮಣ್ಣ.

ಸಿಬ್ಬಂದಿ ಸಾಲಿನಲ್ಲಿದ್ದ ಮುಂದಿನವರನ್ನು ಕರೆದರು. ಇಪ್ಪತ್ತರ ಚೆಕ್ಕಿಗೆ ಇಪ್ಪತ್ತೈದರ ಮೀಟಿಂಗು! ಇದನ್ನೇ ನೀವು ವೃತ್ತಿಪರ ಆಡಳಿತ ಎನ್ನುತ್ತೀರಾ?

ಹದಿನೆಂಟರೊಳಗೆ ಸದಸ್ಯರ ಸಭೆ ಕರೆಯಿರಿ. ಊಟ ಬೇಡ. ಆ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಕೈಗಳನ್ನು ಎಣಿಸಿ. ಆಗದಿದ್ದರೆ ನನ್ನ ಹನ್ನೊಂದು ವರ್ಷದ ಉಳಿತಾಯವನ್ನು ಹತ್ತೊಂಬತ್ತಕ್ಕೆ ನನ್ನ ಕೈಗೆ ಕೊಟ್ಟುಬಿಡಿ. ತಮ್ಮಣ್ಣನವರ ಬಾಡಿಗೆ ನಾನೇ ಕಟ್ಟುತ್ತೇನೆ. ಅಡಮಾನ ಕೇಳುವುದಿಲ್ಲ.

ಇಂತಿ,
ಮೊನ್ನೆಯವರೆಗೆ ಸದಸ್ಯ, ನಿಮ್ಮ ಹೊಸ ಸುತ್ತೋಲೆಯ ಪ್ರಕಾರ ಬರೀ ಗ್ರಾಹಕ,
ಗುರುದತ್ತ
ಜುಮೇರಾ ಲೇಕ್ ಟವರ್ಸ್, ದುಬೈ