ಏಳನೇ ಮಂಚದ ಮೇಲಿನ ಸೂರು ಮತ್ತು ನಾನು ಬರೆದ ಸೊನ್ನೆ

ಮಾನ್ಯ ಟೆಂಡರ್ ಪರಿಶೀಲನಾಧಿಕಾರಿಗಳೇ,

ಕಳ್ಳನೇ ಠಾಣೆಯ ಬಾಗಿಲು ಬಡಿದು "ಕದ್ದವನು ನಾನು, ಹಿಡಿದುಕೊಳ್ಳಿ" ಎಂದು ಕೂಗಿದರೂ ಬಾಗಿಲು ತೆರೆಯದ ಠಾಣೆಯನ್ನು ನಾನು ನಾಟಕದಲ್ಲೂ ನೋಡಿರಲಿಲ್ಲ. ನಿಮ್ಮ ಕಚೇರಿಯಲ್ಲಿ ನೋಡಿದೆ. ಹೆರಿಗೆ ಆಸ್ಪತ್ರೆಯ ತಾರಸಿ ಸೋರಿದ್ದಕ್ಕೆ ಅಲ್ಲಿ ನೆಲ ಒರೆಸುವ ಹೆಂಗಸೇ ಕಾರಣ ಎಂದು ಗುತ್ತಿಗೆದಾರನಾದ ನಾನು ಬರೆದುಕೊಟ್ಟ ವರದಿ ಸುಳ್ಳು. ಅದನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಮೂರು ಬಾರಿ ಅರ್ಜಿ ಹಿಡಿದು ಬಂದೆ. ಮೂರು ಬಾರಿಯೂ ನಿಮ್ಮ ಗುಮಾಸ್ತರು ಕನ್ನಡಕ ಹಣೆಗೇರಿಸಿ, "ಅದು ಮುಚ್ಚಿದ ಫೈಲು ಸಾರ್. ಬೇರೆ ಯಾರಾದ್ರೂ ನಿಮ್ಮ ಮೇಲೆ ದೂರು ಕೊಟ್ರೆ ತೆಗೀಬಹುದು. ನಿಮ್ಮ ಮೇಲೆ ನೀವೇ ಕೊಡೋಕೆ ಫಾರಂ ಇಲ್ಲ" ಎಂದರು. ಫಾರಂ ಇಲ್ಲದ ಪಾಪವನ್ನು ಎಲ್ಲಿ ತುಂಬಲಿ ಸ್ವಾಮೀ? ಆದ್ದರಿಂದ ಊರಿಗೆಲ್ಲ ಕೇಳಿಸುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಎಲ್ಲವೂ ಒಂದು ಸೊನ್ನೆಯಿಂದ ಶುರುವಾಯಿತು. ನಿಮ್ಮ ಟೆಂಡರ್ ಫಾರಂನ ಕೊನೆಯ ಸಾಲು ತಮಗೆ ನೆನಪಿರಬೇಕು: "ಹಸ್ತಾಂತರದ ನಂತರ ಐದು ವರ್ಷಗಳ ದೋಷ ದುರಸ್ತಿಯ ಖಾತರಿಗೆ ತಗಲುವ ಮೊತ್ತ." ಇಟ್ಟಿಗೆಗೆ ದರ ಬರೆಯುತ್ತೇವೆ, ಮರಳಿಗೆ ಬರೆಯುತ್ತೇವೆ, ಬಚ್ಚಲಿನ ಚಿಲಕಕ್ಕೂ ಬರೆಯುತ್ತೇವೆ. ಆ ಸಾಲಿನಲ್ಲಿ ಮಾತ್ರ ಸೊನ್ನೆ. ಅದು ನಮ್ಮ ಕಸುಬಿನ ರೂಢಿ. ನನಗೆ ಕೆಲಸ ಕಲಿಸಿದ ಮಾವ ಹೇಳುತ್ತಿದ್ದರು: "ಅಲ್ಲೊಂದು ಅಂಕಿ ಹಾಕಿದ್ಯೋ, ಕೆಲಸ ಪಕ್ಕದವನ ಪಾಲು. ಐದು ವರ್ಷದಲ್ಲಿ ಅವರೂ ಮರೀತಾರೆ, ನೀನೂ ಮರೀತೀಯ. ಕಟ್ಟಡ ಮರೆಯಲ್ಲ, ನಿಜ. ಆದ್ರೆ ಅದಕ್ಕೆ ಬಾಯಿಲ್ಲ ಬಿಡು."

ಸೊನ್ನೆ ಕಂಡು ತಾವು ಹುಬ್ಬೇರಿಸಿದಿರಾ? "ಏನಪ್ಪಾ, ಐದು ವರ್ಷ ಏಣಿ ಹೊತ್ತು ಯಾರು ಬರುತ್ತಾರೆ, ಅವರಿಗೆ ಕೂಲಿ ಯಾರು ಕೊಡುತ್ತಾರೆ" ಎಂದು ಕೇಳಿದಿರಾ? ಕಡಿಮೆ ದರದವನೆಂದು ಬೆನ್ನು ತಟ್ಟಿ ಕೆಲಸ ಕೊಟ್ಟಿರಿ. ಪುಕ್ಕಟೆ ಕೊಟ್ಟ ಮಾತನ್ನು ಪುಕ್ಕಟೆಯಾಗಿಯೇ ಉಳಿಸಿಕೊಳ್ಳುತ್ತಾನೆ ಎಂದು ಯಾವ ಧೈರ್ಯದ ಮೇಲೆ ನಂಬಿದಿರಿ? ಆದರೂ ನಿಮ್ಮ ಮೇಲೆ ಹೊರಿಸಿ ನಾನು ಕೈ ತೊಳೆದುಕೊಳ್ಳಲಾರೆ. ನಂಬಿದ ತಪ್ಪು ನಿಮ್ಮದು, ಸೊನ್ನೆ ಬರೆದ ಕೈ ನನ್ನದು.

ಖಾತರಿ ಎಂದರೇನೆಂದು ನಾನು ಕೂತು ಓದಿದ್ದು ಎಲ್ಲ ಮುಗಿದ ಮೇಲೆ. ತಾರಸಿಗೆ ಹಾಸಿದ ನೀರು ತಡೆಯುವ ಹಾಳೆಗೆ ಕಂಪನಿ ಕೊಟ್ಟದ್ದು ಮೂರು ವರ್ಷ. ನಾನು ನಿಮಗೆ ಕೊಟ್ಟದ್ದು ಐದು. ಅವರ ಮೂರು ವರ್ಷ ಓಡತೊಡಗಿದ್ದು ಹಾಳೆ ಅಂಗಡಿಯಿಂದ ಹೊರಟ ದಿನ, ನನ್ನ ಐದು ಓಡತೊಡಗಿದ್ದು ಕಟ್ಟಡದ ಬೀಗದ ಕೈ ಒಪ್ಪಿಸಿದ ದಿನ. ನಡುವೆ ಆ ಹಾಳೆ ನನ್ನ ಗೋದಾಮಿನಲ್ಲಿ ಹನ್ನೊಂದು ತಿಂಗಳು ಸುಖವಾಗಿ ಮಲಗಿತ್ತು! ಕೆಟ್ಟರೆ ಕಂಪನಿ ಕೊಡುವುದು ಬರೀ ಹಾಳೆ. ಅದರ ಮೇಲೆ ಹಾಸಿದ ಚಪ್ಪಟೆ ಹೆಂಚು ಕೀಳುವ ಕೂಲಿ, ಮತ್ತೆ ಹಾಸುವ ಕೂಲಿ, ಕೆಳಗೆ ಮಂಚ ಸರಿಸುವ ತಾಪತ್ರಯ ಯಾವುದೂ ಅವರದಲ್ಲ. ಅವರ ಹೊಣೆ ಮುಗಿಯುವಲ್ಲಿಂದ ನನ್ನ ಹೊಣೆ ಮುಗಿಯುವವರೆಗೆ ಒಂದು ಕಂದಕವಿದೆ. ಅದರ ಅಳತೆ ತೆಗೆದು ಬೆಲೆ ಕಟ್ಟುವುದೇ ಆ ಕೊನೆಯ ಸಾಲಿನ ಕೆಲಸ. ನಾನು ಕಂದಕದ ಮೇಲೆ ಸೊನ್ನೆಯ ಮುಚ್ಚಳವಿಟ್ಟು ನಡೆದೆ. ಬಿದ್ದವಳು ಬೇರೊಬ್ಬಳು.

ಆ ಆಸ್ಪತ್ರೆಯ ಹಿರಿಯ ನರ್ಸು ನನ್ನ ಒಡಹುಟ್ಟಿದ ಅಕ್ಕ. ಹಸ್ತಾಂತರವಾದ ಮೂರನೇ ಮಳೆಗಾಲದಲ್ಲಿ ಅವಳ ಫೋನು ಬಂತು: "ಏನೋ, ನಿನ್ನ ಸೂರು ಕೂಸುಗಳ ಜೊತೆ ಪೈಪೋಟಿಗೆ ಬಿದ್ದು ಅಳ್ತಾ ಇದೆ. ಏಳನೇ ಮಂಚದ ಮೇಲೆ. ಬಂದು ಸುಮ್ಮನಿರಿಸು." ಹೋದೆ. ಏಣಿ ಹೊತ್ತಲ್ಲ, ಬಣ್ಣದ ಡಬ್ಬಿ ಹಿಡಿದು! ಕಲೆಯ ಮೇಲೆ ಎರಡು ಕೈ ಬಿಳಿ ಬಳಿದು, "ಒಣಗಿದ ಮೇಲೆ ಗೊತ್ತೇ ಆಗಲ್ಲ ಅಕ್ಕಾ" ಎಂದು ಬಂದೆ.

ಹದಿನೈದು ದಿನಕ್ಕೆ ಮತ್ತೆ ಸೋರಿತು. ಈ ಸಲ ತಾರಸಿ ಹತ್ತಿದೆ. ಅಲ್ಲೊಂದು ಹಗ್ಗ, ಹಗ್ಗದ ಮೇಲೆ ನೆಲ ಒರೆಸುವ ನಾಲ್ಕು ಬಟ್ಟೆ, ಕೆಳಗೆ ಒಂದು ಬಕೆಟ್ ನೀರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ; ನನಗೆ ಸಿಕ್ಕಿದ್ದು ಬಕೆಟ್ಟು. ಖಾತರಿಯ ಕರಾರಿನಲ್ಲಿ ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠವಾದ ಸಣ್ಣಕ್ಷರದ ಮಾತೊಂದಿದೆ: ಬಳಸುವವರ ದುರುಪಯೋಗದಿಂದಾದ ದೋಷಕ್ಕೆ ಗುತ್ತಿಗೆದಾರ ಹೊಣೆಯಲ್ಲ. ಜೇಬಿನಿಂದ ಮೊಬೈಲು ತೆಗೆದು, ಬಕೆಟ್ಟಿನ ಫೋಟೊ ಹಿಡಿದೆ.

ಹಿಂದೆ ಅವಳು ನಿಂತಿದ್ದಳು. ಆಸ್ಪತ್ರೆಯವರೆಲ್ಲ ಅವಳನ್ನು ಕರೆಯುವುದು 'ದೊಡ್ಡಮ್ಮ' ಎಂದು. ಸೀರೆಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಸಾರ್, ಒಂದು ಬಕೆಟ್ ನೀರಿಗೆ ಸೋರೋ ತಾರಸಿ, ಮಳೆ ಬಂದ್ರೆ ಏನ್ ಮಾಡುತ್ತೆ?"

ನಾನು ದೊಡ್ಡ ಗಂಟಲಿನವನು ಮಾನ್ಯರೇ. ಎಳವೆಯಲ್ಲಿ ರಂಗದ ಮೇಲೆ ನಿಂತು ಗುಡುಗಿದರೆ ಕೊನೆಯ ಸಾಲಿನ ಮುದುಕರೂ ತೂಕಡಿಕೆ ಬಿಟ್ಟು ಎದ್ದು ಕೂರುತ್ತಿದ್ದರು. ಅಂದು ಆ ಗಂಟಲಿನಿಂದ ಹೊರಟದ್ದು "ಮೊದಲು ಈ ಹಗ್ಗ ಕಿತ್ತು ಬಿಸಾಡಿ" ಎಂಬ ಅಪ್ಪಣೆ ಮಾತ್ರ. ಅವಳ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೆಳಗಿಳಿದೆ, ಗೊತ್ತಿದ್ದೇ ವರದಿ ಬರೆದೆ.

ನನ್ನ ಬಿಲ್ಲಿಗೆ ಸಹಿ ಹಾಕಲು ಏಳು ತಿಂಗಳು ಯೋಚಿಸಿದ ತಾವು ಆ ವರದಿಗೆ ಮಾರನೇ ದಿನವೇ ಹಾಕಿದಿರಿ. ಒಮ್ಮೆ ಹತ್ತಿ ನೋಡಬಾರದಿತ್ತೇ? ಮೆಟ್ಟಿಲು ಮೂವತ್ತೆರಡೇ ಇವೆ. ಕಟ್ಟಿಸಿದವನು ನಾನು, ಬಲ್ಲೆ. ಹಳೆಯ ಕಟ್ಟಡದ ಕಾಲದಿಂದ ಹದಿನಾಲ್ಕು ವರ್ಷ ಆ ನೆಲ ಒರೆಸಿದವಳನ್ನು ಕೆಲಸದಿಂದ ತೆಗೆದರು. ತೆಗೆದ ಪತ್ರದಲ್ಲಿ ಕಾರಣವಾಗಿ ನಿಂತದ್ದು ನನ್ನದೇ ಮಾತು: "ಕಟ್ಟಡದ ದುರುಪಯೋಗ." ಆ ಪತ್ರ ನೋಡಿದ ಮೇಲೆ ಬೇರಾವ ಆಸ್ಪತ್ರೆಯೂ ಅವಳ ಕೈಗೆ ಪೊರಕೆ ಕೊಡಲಿಲ್ಲ.

ಒಂದು ತಿಂಗಳಿಗೆ ಮತ್ತೆ ಅಕ್ಕನ ಫೋನು. ದನಿಯಲ್ಲಿ ತಮಾಷೆ ಇರಲಿಲ್ಲ. "ಏಳನೇ ಮಂಚ ಮತ್ತೆ ಒದ್ದೆ. ನಿನ್ನೆ ಹೆತ್ತವಳನ್ನ ಕೂಸಿನ ಸಮೇತ ಎತ್ತಿ ಪಕ್ಕಕ್ಕೆ ಮಲಗಿಸಿದ್ದೀನಿ. ಈಗ ಮೇಲೆ ಬಕೆಟ್ ಇಲ್ಲ ಕಣೋ. ಈ ಸಲ ಯಾರನ್ನ ತೆಗೆಸ್ತೀಯ, ನನ್ನನ್ನಾ?"

ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಹೆಂಚು ಕೀಳಿಸಿದೆ. ಮಳೆನೀರು ಹೋಗುವ ಕೊಳವೆಯ ಬಾಯಿಯೊಳಕ್ಕೆ ಗೇಣುದ್ದ ಇಳಿದಿರಬೇಕಾದ ಹಾಳೆ ಅಂಚಿನಲ್ಲೇ ನಿಂತಿತ್ತು. "ಇದೇನಯ್ಯಾ ಇದು?" ಎಂದು ಗುಡುಗಿದೆ. ಮೇಸ್ತ್ರಿ ತಲೆ ಎತ್ತದೆ ಹೇಳಿದ: "ನೀವೇ ಅಲ್ವಾ ಸಾರ್, ಹಾಳೆ ಸಾಲ್ತಾ ಇಲ್ಲ, ಅಂಚಿನ ತನಕ ಸಾಕು, ಒಳಗೆ ಯಾರು ಬಗ್ಗಿ ನೋಡ್ತಾರೆ ಅಂದದ್ದು?"

ಹೌದು. ಅಂದದ್ದು ನಾನೇ. ಕೆಟ್ಟರೆ ದುರಸ್ತಿಗೆಂದು ಒಂದು ಅಂಕಿಯನ್ನಾದರೂ ಬರೆದಿದ್ದರೆ, ಕೆಡದಂತೆ ಕಟ್ಟಲು ಇನ್ನೊಂದು ಸುರುಳಿ ಹಾಳೆ ತರಿಸುತ್ತಿದ್ದೆನೇನೋ. ಸೊನ್ನೆ ಬರೆದವನಿಗೆ ಎಲ್ಲವೂ ಸೊನ್ನೆಯಾಗಿ ಕಾಣುತ್ತದೆ, ಮನುಷ್ಯರೂ ಕೂಡ.

ದೊಡ್ಡಮ್ಮನನ್ನು ಹುಡುಕಿಕೊಂಡು ಹೋದೆ. ಒಂದು ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಕೈ ಮುಗಿದು ತಪ್ಪಾಯಿತೆಂದೆ. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಇಲ್ಲಿ ಹೇಳಿದ್ರೆ ಈ ಪಾತ್ರೆಗಳಿಗೆ ಕೇಳಿಸುತ್ತೆ ಅಷ್ಟೇ ಸಾರ್. ನೀವು ನನ್ನನ್ನ ಬಾಯಲ್ಲಿ ಬಯ್ದಿರಲಿಲ್ಲ, ಕಾಗದದಲ್ಲಿ ಬರೆದಿದ್ರಿ. ಅಳಿಸೋದೂ ಕಾಗದದಲ್ಲೇ ಆಗ್ಲಿ."

ಅದೇ ಈ ಕಾಗದ. ನನ್ನ ಬೇಡಿಕೆ ಇಷ್ಟು: ಆ ವರದಿಯನ್ನು ರದ್ದು ಮಾಡಿ, ದೊಡ್ಡಮ್ಮನ ಪತ್ರದಿಂದ "ದುರುಪಯೋಗ" ಎಂಬ ಮಾತನ್ನು ಕಿತ್ತು, ಅವಳ ಕೆಲಸವನ್ನು ಅವಳಿಗೆ ಮರಳಿಸಿ. ದುರುಪಯೋಗ ಮಾಡಿದವನು ನಾನು. ಕಪ್ಪುಪಟ್ಟಿಗೆ ಸೇರಿಸಬೇಕಾದ ಹೆಸರು ನನ್ನದು, ತಕರಾರಿಲ್ಲ. ಇನ್ನು ಮುಂದೆ ಆ ಕೊನೆಯ ಸಾಲಿನಲ್ಲಿ ಸೊನ್ನೆ ಬರೆದ ಟೆಂಡರನ್ನು, ಅದು ಎಷ್ಟೇ ಅಗ್ಗವಾಗಿರಲಿ, ಎತ್ತಿ ಬರೆದವನ ಮುಖಕ್ಕೇ ಹಿಡಿಯಿರಿ. ಹಾಗೆ ನನ್ನ ಮುಖಕ್ಕೆ ಹಿಡಿದಿದ್ದರೆ ಅಂದು ನಾನು ಬಯ್ದುಕೊಳ್ಳುತ್ತಿದ್ದೆ, ಇಂದು ನೆಮ್ಮದಿಯಾಗಿ ಉಣ್ಣುತ್ತಿದ್ದೆ.

ಕೊಳವೆಯ ಬಾಯಿಗೆ ಹೊಸ ಹಾಳೆ ಇಳಿಸಿದ್ದೇನೆ. ಎರಡು ಮಳೆ ಹೋಯಿತು, ಏಳನೇ ಮಂಚ ಒಣಗಿದೆ. ನಾನು ಕಿತ್ತು ಬಿಸಾಡಿಸಿದ್ದ ಹಗ್ಗದ ಜಾಗದಲ್ಲಿ ಮೊನ್ನೆ ನಾನೇ ಹತ್ತಿ ಹೊಸ ಹಗ್ಗ ಕಟ್ಟಿದೆ. ಕೆಳಗೆ ಒಂದು ಬಕೆಟ್ ನೀರೂ ತುಂಬಿಟ್ಟಿದ್ದೇನೆ. ಅದು ಹಾಗೇ ಇದೆ. ಹಿಂಡಿ ಒಣಹಾಕುವವಳು ಬರಬೇಕು.

ಇಂತಿ,
ಮೂವತ್ತೆರಡು ಮೆಟ್ಟಿಲು ತಡವಾಗಿ ಹತ್ತಿದ
ನಿಮ್ಮ ಅತಿ ಕಡಿಮೆ ದರದ ಗುತ್ತಿಗೆದಾರ