ಓಣಿ ಅಕ್ಕಂದಿರ ಹನ್ನೆರಡನೆಯ ಪುಸ್ತಕ

ವಾಡಿ
6 ಜುಲೈ 2025

ಚಿ. ಸೌ. ಲುಂಬಿನಿಗೆ ಅಂಬರಾಯ ಕಾಕಾನ ಆಶೀರ್ವಾದ.

ನಾವಿಲ್ಲಿ ಇದ್ದೇವೆ. ಹೇಗಿದ್ದೇವೆ ಎಂದು ಬರೆಯುವುದಿಲ್ಲ, ನಿನಗೆ ಗೊತ್ತು. ಯುಗಾದಿಗೆ ನೀನು ಹಾಕಿದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಸಿಟ್ಟಾಗಬೇಡ. ಸಿಟ್ಟಾಗುವ ಕೆಲಸ ಈ ಮನೆಯಲ್ಲಿ ನನ್ನದು. ಫೋನ್ ಮಾಡಬಹುದಿತ್ತಲ್ಲ ಕಾಕಾ ಎನ್ನುತ್ತೀ. ಫೋನ್ ಹಿಡಿದರೆ ನನ್ನ ದನಿ ತಾನೇ ಏರುತ್ತದೆ, ಕೊನೆಗೆ ಜಗಳವಾಗುತ್ತದೆ. ಪೆನ್ನು ಹಿಡಿದಾಗ ಮಾತ್ರ ನಾನು ಸ್ವಲ್ಪ ಮನುಷ್ಯನಂತಿರುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಶಹಾಬಾದಿನ ಫರ್ಸಿ ಖಣಿಗೆ ಕಲ್ಲು ಹೊರಲು ಹೋದವನು. ಅಕ್ಷರ ಸೊಟ್ಟಗಿದ್ದರೆ ನೀನು ಶಾಲೆಯ ಟೀಚರ್ ಎಂದು ಕೆಂಪು ಗೆರೆ ಎಳೆಯಬೇಡ.

ಮೊದಲು ಬೈದು ಮುಗಿಸುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ಪ್ರೀತಿ ತೀರಿಕೊಂಡಾಗ ಮಣ್ಣಿಗೆ ಬಂದವಳು ನೀನು ಮತ್ತೆ ಈ ಕಡೆ ಮುಖ ಹಾಕಲಿಲ್ಲ. ಚಂದಾಪುರದಿಂದ ವಾಡಿ ಏನು ದಿಲ್ಲಿಯೇ? ನಿಮ್ಮಪ್ಪ ಸಾಯಬಣ್ಣ, ನಾನು ಒಂದೇ ಗ್ಯಾಂಗಿನಲ್ಲಿ ರೈಲು ಹಳಿ ಕಾಯ್ದವರು, ಒಂದೇ ಬುತ್ತಿಯಲ್ಲಿ ರೊಟ್ಟಿ ತಿಂದವರು. ನೀನು ಅರ್ಧ ನಮ್ಮ ಮನೆಯಲ್ಲೇ ಬೆಳೆದವಳು. ನನ್ನ ಮಗಳು ಹೋದಳೆಂದರೆ ನಿನಗೆ ಈ ಮನೆಯೇ ಹೋಯಿತೇ? ಆಯಿತು, ಬೈದು ಮುಗಿಯಿತು.

ಈಗ ಕೆಲಸದ ಮಾತು. ಅಳಿಯ ದಿಲೀಪ ಲಾರಿಯ ಮೇಲೆ ಇರುವವನು, ವಾರಕ್ಕೊಮ್ಮೆ ಬಂದು ಮಗಳ ಮುಖ ನೋಡಿ ಹೋಗುತ್ತಾನೆ. ಹೋದ ತಿಂಗಳು ದಂಡೋತಿಯ ಅವರ ಮನೆಯಿಂದ ಪ್ರೀತಿಯ ಟ್ರಂಕು ತಂದಿಟ್ಟ. ಮೊಮ್ಮಗಳು ಸರಿತಾ ಬಟ್ಟೆಬರೆ ಏನೂ ಮುಟ್ಟಲಿಲ್ಲ, ತಳದಲ್ಲಿದ್ದ ಹನ್ನೊಂದು ಪುಸ್ತಕ ತೆಗೆದಳು. ‘ಓಣಿ ಅಕ್ಕಂದಿರು’. ನೆನಪಿದೆಯೇ? ಪಗಾರದ ದಿನ ಸ್ಟೇಶನ್ನಿನ ಪುಸ್ತಕದಂಗಡಿಯಿಂದ ನಾನು ಒಂದೊಂದೇ ತಂದುಕೊಟ್ಟವು. ತಂದೆನೇ ಹೊರತು ಒಳಗೆ ಏನಿದೆ ಎಂದು ಒಂದು ದಿನವೂ ತೆರೆದು ನೋಡಲಿಲ್ಲ. ಈಗ ಓದಬೇಕಾಗಿ ಬಂತು. ಸರಿತಾ ಈ ವರ್ಷ ಒಂದನೆಯ ಇಯತ್ತೆ, ಇನ್ನೂ ಅಕ್ಷರ ಕೂಡಿಸುತ್ತಿದ್ದಾಳೆ. ನಿನ್ನ ಕಾಕಿ ಅಂಬುಬಾಯಿಗೆ ಓದು ಬರುವುದಿಲ್ಲ. ಹೀಗಾಗಿ ದಿನಾ ಶಾಲೆ ಬಿಟ್ಟ ಮೇಲೆ ಈ ಮುದುಕ ಕಟ್ಟೆಯ ಮೇಲೆ ಕುಳಿತು, ಬೆರಳಿಟ್ಟು, ಹುಡುಗಿಯರ ಕಥೆ ಓದುತ್ತಾನೆ. ಪಕ್ಕದ ಟೇಲರ್ ಮತೀನ ಮಶೀನು ನಿಲ್ಲಿಸಿ ಕಿವಿ ಕೊಡುತ್ತಾನೆ. ಮೊನ್ನೆ ಸಂತೆಯಲ್ಲಿ ಎಲ್ಲರ ಮುಂದೆ ಕೂಗಿದ: “ಕಾಕಾ, ವಿಜಿ ತಾರಾ ಮಾತ್ ಬಿಟ್ಟಿದ್ರಲ್ರೀ, ಕೂಡಿದ್ರೇನು?” ಮರ್ಯಾದೆ ಹೋಯಿತು. ಆದರೆ ಅವತ್ತು ಕೂಡಿದ್ದರು, ಹೌದು ಎಂದೆ.

ಕಥೆ ಏನು, ನಿನಗೆ ಹೇಳಬೇಕೇ? ವಿಜಿ, ತಾರಾ, ಇನ್ನಿಬ್ಬರು, ಒಟ್ಟು ನಾಲ್ಕು ಹುಡುಗಿಯರು. ಓಣಿಯ ತಾಯಂದಿರು ಕೆಲಸಕ್ಕೆ ಹೋದಾಗ ಕೂಸು ಹಿಡಿಯುವುದು ಇವರ ಉದ್ಯೋಗ. ಮೊದಲನೆಯದನ್ನು ಓದುವಾಗ ನನಗೆ ಸಿಟ್ಟೇ ಬಂತು. ಕೂಸು ಹಿಡಿಯುವುದು ಒಂದು ಕಥೆಯೇ? ನಮ್ಮಕ್ಕ ನಮ್ಮನ್ನೆಲ್ಲ ಸೊಂಟದ ಮೇಲೆ ಹೊತ್ತು ಹೊತ್ತು ಶಾಲೆಯ ಬಾಗಿಲನ್ನೇ ನೋಡಲಿಲ್ಲ, ಅವಳ ಮೇಲೆ ಯಾರೂ ಪುಸ್ತಕ ಬರೆಯಲಿಲ್ಲ. ಆದರೆ ಓದುತ್ತ ಹೋದಂತೆ ಒಂದು ಹೊಳೆಯಿತು. ನೀನು, ಪ್ರೀತಿ ಇದೇ ಕಟ್ಟೆಯ ಮೇಲೆ ಕಲ್ಲು ಪಾಲಿಶ್ ಕೆಲಸಕ್ಕೆ ಹೋಗುವ ಹೆಂಗಸರ ಕೂಸುಗಳನ್ನು ಸಾಲಾಗಿ ಕೂಡಿಸಿಕೊಂಡು ಆಡಿಸುತ್ತಿದ್ದಿರಲ್ಲ, ಅದು ಈ ಪುಸ್ತಕ ನೋಡಿ ಕಲಿತ ಆಟ. ಒಬ್ಬಳು ಬಂದು, “ನನ್ನ ಕೂಸಿನ್ನ ಆ ಲುಂಬಿನಿ ಮುಟ್ಟೋದು ಬ್ಯಾಡ, ನೀ ಒಬ್ಬಾಕಿನೇ ಹಿಡಿ” ಎಂದಿದ್ದಳು. ಪ್ರೀತಿ ಕೂಸನ್ನು ತಿರುಗಿ ಅವಳ ಕೈಗೇ ಕೊಟ್ಟು, “ಲುಂಬಿನಿ ಎತ್ಕೊಳ್ಳಾರದ ಕೂಸಿನ್ನ ನಾನೂ ಎತ್ಕೊಳ್ಳಂಗಿಲ್ರೀ” ಎಂದಳು. ಆ ಹೆಂಗಸು ಎರಡು ದಿನ ಕೂಸನ್ನು ಕಲ್ಲಿನ ಧೂಳಿನಲ್ಲಿ ಮಲಗಿಸಿ, ಮೂರನೆಯ ದಿನ ಬಂದು ನಿನ್ನ ತೊಡೆಯ ಮೇಲೇ ಹಾಕಿ ಹೋದಳು. ನಾನು ಹಳಿಯ ಕೆಲಸ ಮುಗಿಸಿ ಬಂದು ಇದನ್ನು ಕೇಳಿದಾಗ ನಕ್ಕೆ. ಹನ್ನೆರಡು ವರ್ಷದ ಹುಡುಗಿಯ ಬಾಯಿ ನನ್ನದೇ ಬಾಯಿ.

ಒಂದು ತಕರಾರಿದೆ. ಎಲ್ಲ ಪುಸ್ತಕಕ್ಕೂ ಒಂದೇ ಕೊನೆ. ಕೂಸು ಕಾಡುತ್ತದೆ, ಅಕ್ಕಂದಿರು ತಮ್ಮತಮ್ಮಲ್ಲಿ ಜಗಳಾಡಿ ಮತ್ತೆ ಕೂಡುತ್ತಾರೆ, ಕೊನೆಯ ಹಾಳೆಯಲ್ಲಿ ಬಾಗಿಲ ಹೊರಗೆ ಚಪ್ಪಲಿ ಸಪ್ಪಳವಾಗುತ್ತದೆ, ತಾಯಿ ಬಂದು ಕೇಳುತ್ತಾಳೆ: “ನನ್ನ ಕೂಸು ಕಾಡಲಿಲ್ಲ ತಾನೇ?” ನಾಲ್ವರೂ ಒಂದೇ ದನಿಯಲ್ಲಿ, “ಇಲ್ಲ, ಒಂಚೂರೂ ಕಾಡಲಿಲ್ಲ!” ತಾಯಿ ಎತ್ತಿಕೊಂಡು ಹೋಗುತ್ತಾಳೆ. ಬರೆದವರಿಗೆ ಬೇರೆ ಕೊನೆ ಹೊಳೆಯಲೇ ಇಲ್ಲವೇ? ಆದರೆ ಸರಿತಾಗೆ ಆ ಹಾಳೆಯೇ ಬೇಕು. ಎರಡೆರಡು ಸಲ ಓದಿಸುತ್ತಾಳೆ.

ಹನ್ನೊಂದು ಮುಗಿದವು. ಹನ್ನೆರಡನೆಯದನ್ನು ಲುಂಬಿನಿ ಒಯ್ದವಳು ತಿರುಗಿ ಕೊಡಲಿಲ್ಲ ಎಂದು ಪ್ರೀತಿ ಮದುವೆಯ ದಿನದವರೆಗೂ ಗೊಣಗಿದಳು. ಅದು ನಿನ್ನ ಹತ್ತಿರ ಇದ್ದರೆ ಪೋಸ್ಟಿನಲ್ಲಿ ಹಾಕು. ಹುಡುಗಿ ದಿನಾ ಕೇಳುತ್ತಾಳೆ. ಭಾಳ ಶ್ಯಾಣ್ಯಾ ಕೂಸು, ಲುಂಬಿನಿ. ಬಂದವರಿಗೆಲ್ಲ ನಾನೇ ಹೇಳುತ್ತೇನೆ, ನಮ್ಮ ಮೊಮ್ಮಗಳು ಹಟ ಮಾಡಿದವಳಲ್ಲ, ಒಂದು ದಿನವೂ ಅತ್ತವಳಲ್ಲ ಎಂದು. ಅವರವ್ವನ ಹಾಗಲ್ಲ. ಪ್ರೀತಿ ಅತ್ತರೆ ಜಂಕ್ಷನ್ನಿನ ತನಕ ಕೇಳುತ್ತಿತ್ತು.

ಸಾಯಬಣ್ಣನ ಮಂಡಿನೋವು ಹೇಗಿದೆ? ಅವನಿಗೆ ನನ್ನ ಜೈಭೀಮ ಹೇಳು. ನಿನ್ನ ಮನೆಯವರಿಗೆ ಆಶೀರ್ವಾದ.

ನಿನ್ನ ಕಾಕಾ,
ಅಂಬರಾಯ


ವಾಡಿ
3 ಆಗಸ್ಟ್ 2025

ಚಿ. ಸೌ. ಲುಂಬಿನಿಗೆ ಆಶೀರ್ವಾದ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕುಳಿತೆ, ಹರಿದೆ, ಮತ್ತೆ ಕುಳಿತೆ. ಪುಸ್ತಕ ಇದೆ, ರಟ್ಟು ಹರಿದಿದೆ, ಅಂಟಿಸಿ ಕಳಿಸುತ್ತೇನೆ ಎಂದು ಬರೆದಿದ್ದೀ. ಕಳಿಸಬೇಡ. ಅಂಟಿಸಿಯೂ ಇಡಬೇಡ. ಯಾಕೆ ಎಂದು ಹೇಳುತ್ತೇನೆ, ಸುಮ್ಮನೆ ಓದು.

ನಿನ್ನ ಪತ್ರವನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಸರಿತಾ ಆಡುತ್ತಿದ್ದವಳು ಎದ್ದು ಬಂದು, “ಹನ್ನೆರಡ್ನೇದು ಬರ್ತದ ಮುತ್ಯಾ?” ಎಂದಳು. ಬರುತ್ತದೆ ಎಂದೆ. “ಅದೇ ಕಡೀದಲ್ಲ?” ಹೌದು ಎಂದೆ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನೀರಿನ ಸಪ್ಪಳ. ನೋಡಿದರೆ ಬಚ್ಚಲಲ್ಲಿ ಕುಳಿತು, ಟ್ರಂಕಿನಲ್ಲಿದ್ದ ಪ್ರೀತಿಯ ಚಪ್ಪಲಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಾಳೆ. ಏನು ಮಾಡುತ್ತಿದ್ದೀ ಎಂದೆ.

“ಬಾಗಲದಾಗ ಇಡ್ತೀನಿ. ಕಡೀ ಪುಸ್ತಕ ಮುಗುದ್ರ ಅವ್ವ ಬರ್ತಾಳಲ್ಲ, ಅವಾಗ ಸಪ್ಪಳ ಆಗಬೇಕಲ್ಲ.”

ಅಂಬುಬಾಯಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದರೂ ತೆಗೆಯಲಿಲ್ಲ. ನನಗೆ ಸಿಟ್ಟು ಬಂತು. ನನಗೆ ಬರುವುದು ಅದೊಂದೇ. ಹುಡುಗಿ ಚಪ್ಪಲಿ ಒಣಗಿಸಲು ಹೊರಗೆ ಹೋದ ಮೇಲೆ, “ಯಾರ್ ಹೇಳಿದ್ರು ಈ ಕೂಸಿಗಿ ಅವ್ವ ಬರ್ತಾಳಂತ? ನೀನೇ ಏನು?” ಎಂದು ಹೆಂಡತಿಯ ಮೇಲೆ ಏರಿ ಹೋದೆ.

ಅವಳು ಕೂಗಲಿಲ್ಲ. “ನಾ ಒಮ್ಮಿ ಹೇಳೀನ್ರೀ, ಅವ್ವ ದವಾಖಾನಿಗಿ ಹೋಗ್ಯಾಳಂತ. ನೀವು ಹನ್ನೊಂದ್ ಸಲ ಓದಿ ಓದಿ ಹೇಳೀರಿ” ಎಂದಳು.

ಅವಳ ಮಾತು ಖರೆ. ಯಾರನ್ನು ಬೈಯಲಿ? ಜ್ವರ ಏರಿದ ದಿನ ಕಲಬುರಗಿಗೆ ಒಯ್ಯುವ ಮುನ್ನ ಗಾಡಿಯ ಬಾಗಿಲಲ್ಲಿ ಪ್ರೀತಿಯೇ ಮಗಳ ಗದ್ದ ಹಿಡಿದು, “ಮುತ್ಯಾಗ ಕಾಡಬ್ಯಾಡ, ನಾ ಬರ್ತೀನಿ” ಎಂದಿದ್ದಳು. ತಾಯಿ ಹೇಳುವುದು ಅದನ್ನೇ ತಾನೇ? ಹೆಣ ಬಂದ ದಿನ ನಮ್ಮ ಕಡೆಯ ರೂಢಿಯಂತೆ ಕೂಸಿಗೆ ತೋರಿಸುವುದು ಬೇಡ ಎಂದು ಹಿರಿಯರು ಹೇಳಿದರು. ಮತೀನನ ಹೆಂಡತಿ ತಮ್ಮ ಮನೆಗೆ ಒಯ್ದು, ಉಣಿಸಿ, ಮಲಗಿಸಿದಳು. ನಾವು ದಂಡೋತಿಯಲ್ಲಿ ಮಣ್ಣು ಮಾಡಿ ಬಂದೆವು. ಆಮೇಲೆ ಇವತ್ತು ಹೇಳೋಣ, ನಾಳೆ ಹೇಳೋಣ. ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ. ಕೇಳುವುದಿಲ್ಲ ಅಂದರೆ ತಿಳಿದಿದೆ ಎಂದುಕೊಂಡೆವು. ಆದರೆ ಆ ಕೂಸಿನ ಲೆಕ್ಕದಲ್ಲಿ ನಾವೆಲ್ಲ ಓಣಿ ಅಕ್ಕಂದಿರು. ಅವ್ವ ಬರುವ ತನಕ ತನ್ನನ್ನು ಹಿಡಿದುಕೊಂಡು ಕುಳಿತವರು.

ಹೋದ ಆದಿತ್ಯವಾರ ಗಟ್ಟಿ ಮನಸ್ಸು ಮಾಡಿ ದಂಡೋತಿಗೆ ಕರೆದುಕೊಂಡು ಹೋದೆ. ಚಿತ್ತಾಪುರದಲ್ಲಿ ಬಸ್ಸು ಬದಲಿಸುವಾಗ ಭಜಿ ಕೊಡಿಸಿದೆ. ಕಾಗಿಣಾ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ದಿಲೀಪ ನಮಗಾಗಿ ಕಾಯುತ್ತಿದ್ದ. ಹೊಲದ ಬದುವಿನಲ್ಲಿ ಅವನು ಪ್ರೀತಿಯನ್ನು ಮಣ್ಣು ಮಾಡಿದ ಜಾಗದ ಮೇಲೆ ಫರ್ಸಿ ಕಲ್ಲು ಹಾಸಿ ಸುತ್ತ ಚೆಂಡುಹೂವಿನ ಸಸಿ ಹಚ್ಚಿದ್ದಾನೆ. ಮುಂದೆ ನಿಂತೆವು. ಸರಿತಾ ನೋಡಿ, “ಯಾರ ಮನಿ ಕಟ್ಟಿ ಇದು? ಇಲ್ಲಿ ಕುಂತು ಓದಬೋದಲ್ಲ ಮುತ್ಯಾ” ಎಂದಳು. ದಿಲೀಪ ಎಮ್ಮೆ ಬಿಟ್ಟಿದೆ ಎಂದು ಸುಳ್ಳು ಹೇಳಿ ಓಡಿಹೋದ. ನಾನು ಬಾಯಿ ತೆರೆದೆ. ರೈಲ್ವೆ ಸಾಹೇಬರಿಗೆ ಎದುರು ನಿಂತು ಮಾತಾಡಿದ ಬಾಯಿ ಇದು, ಊರಿಗೆಲ್ಲ ಗೊತ್ತು. “ಇದು ನಿಮ್ಮವ್ವಂದು” ಎಂದೆ. ಅವಳು ಖುಷಿಯಾಗಿ ಕಟ್ಟೆಯನ್ನು ಕೈಯಿಂದ ಗುಡಿಸಿದಳು. ಅವಳ ಕೈಯ ಮಣ್ಣು ಒರೆಸಿದೆ. ತಿರುಗಿ ಬಸ್ಸು ಹತ್ತಿದೆವು.

ಮತೀನ ಹೇಳುತ್ತಾನೆ, “ಇರ್ಲಿ ಬಿಡ್ರಿ ಕಾಕಾ, ದೊಡ್ಡಾಕಿ ಆದ್ರ ತಾನೇ ತಿಳ್ಕೋತಾಳ.” ಅಂಬುಬಾಯಿಯೂ ಹಾಗೇ ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಕಾಯುತ್ತಿರುವ ಕೂಸಿಗೆ ಕಾಯಬೇಡ ಎಂದು ಹೇಳದಿರುವುದು ಕರುಣೆಯಲ್ಲ. ಬಾಗಿಲಲ್ಲಿ ಆ ಚಪ್ಪಲಿ ದಿನಾ ನೋಡಿಕೊಂಡು ನಾನು ಒಳಗೆ ಹೊರಗೆ ತಿರುಗಾಡಲಾರೆ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಪುಸ್ತಕ ಅಲ್ಲೇ ಇಟ್ಟು ನೀನು ಬಾ. ಶಾಲೆಗೆ ಎರಡು ದಿನ ರಜೆ ಹಾಕು. ಯಾಕೆ ಇಷ್ಟು ದಿನ ಬರಲಿಲ್ಲ ಎಂದು ನೀನು ಪತ್ರದಲ್ಲಿ ಬರೆದದ್ದು ಓದಿದೆ. “ಆ ಕಟ್ಟಿ ಮ್ಯಾಲ ಪ್ರೀತಿ ಇಲ್ಲದ್ದು ನೋಡ್ಲಿಕ್ಕ ಆಗಂಗಿಲ್ಲ ಕಾಕಾ” ಎಂದಿದ್ದೀ. ನಮಗೂ ಆಗುವುದಿಲ್ಲ. ಆದರೂ ದಿನಾ ಅಲ್ಲೇ ಕುಳಿತುಕೊಳ್ಳುತ್ತೇವೆ. ಬಾ.

ಹೇಳುವ ಕೆಲಸ ನಿನಗೆ ಹಚ್ಚುವುದಿಲ್ಲ, ಹೆದರಬೇಡ. ಹೇಳುವವನು ನಾನೇ. ಸುತ್ತುಬಳಸಿ ಮಾತಾಡಲು ನನಗೆ ಬರುವುದಿಲ್ಲ, ಈ ಕೆಲಸಕ್ಕೆ ಅದೇ ಸರಿ. ಆದರೆ ನಾನು ಹೇಳುವಾಗ ಕೂಸು ಯಾರದಾದರೂ ತೊಡೆಯ ಮೇಲೆ ಇರಬೇಕು. ಅಂಬುಬಾಯಿ ಎದ್ದು ಒಲೆಯ ಕಡೆ ಹೋಗುತ್ತಾಳೆ. ದಿಲೀಪ ಓಡಿಹೋಗುತ್ತಾನೆ. ನಿನಗೆ ಕೂಸು ಹಿಡಿಯುವುದು ಬರುತ್ತದೆ, ಇದೇ ಕಟ್ಟೆಯ ಮೇಲೆ ಕಲಿತಿದ್ದೀ.

ನಿನ್ನ ಮಕ್ಕಳು, ಮನೆ, ಶಾಲೆ ಎಲ್ಲ ಚೆನ್ನಾಗಿರಲಿ. ನೂರು ವರ್ಷ ಬಾಳು. ನನ್ನ ಮಗಳ ಪಾಲಿನದನ್ನೂ ನೀನೇ ಬಾಳು.

ನಿನ್ನ ಕಾಕಾ,
ಅಂಬರಾಯ

ತಾ.ಕ.: ಒಂದು ಮಾತು ಬರೆಯಬಾರದೆಂದು ಪತ್ರ ಮಡಚಿಟ್ಟಿದ್ದೆ. ಮತ್ತೆ ಬಿಚ್ಚಿದ್ದೇನೆ. ನಿನ್ನೆ ಸರಿತಾ ಅಂಗಳದ ಫರ್ಸಿಯ ಮೇಲೆ ಜಾರಿ ಬಿದ್ದಳು. ಮೊಣಕಾಲು ಒಡೆದು ರಕ್ತ ಪಾದದ ತನಕ ಇಳಿಯಿತು. ಓಡಿಹೋಗಿ ಎತ್ತಿಕೊಂಡೆ. ತುಟಿ ಕಚ್ಚಿ ಹಿಡಿದಿದ್ದಳು, ಕಣ್ಣು ತುಂಬಿತ್ತು, ದನಿ ಇಲ್ಲ. “ಅಳವ್ವಾ, ನೋಯ್ತದಲ್ಲ, ಅಳು” ಎಂದೆ. ತಲೆ ಅಲ್ಲಾಡಿಸಿದಳು. ಉಸಿರು ನುಂಗಿ ನುಂಗಿ ಹೇಳಿದಳು: “ನಾ ಅಳಂಗಿಲ್ಲ ಮುತ್ಯಾ. ಅವ್ವ ಬಂದು ಕೇಳ್ತಾಳಲ್ಲ, ಅವಾಗ ಕಾಡಿಲ್ಲಂತ ಹೇಳು. ಖರೇನೇ ಕಾಡಿಲ್ಲಲ್ಲ ನಾ?” ಹೋದ ಮಳೆಗಾಲದಿಂದ ಈ ಮನೆಯಲ್ಲಿ ಅಳು ಕೇಳಿಲ್ಲ, ಲುಂಬಿನಿ. ಎಂಥ ಶ್ಯಾಣ್ಯಾ ಕೂಸು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಬೇಗ ಬಾ. ಅದು ಅಳಬೇಕು.